ರೇಡಿಯೋ ಪಾಠವನ್ನು ಕಾಪಿಟ್ಟದ್ದು

ರೇಡಿಯೋಗೆ ಎದುರುತ್ತರ ಕೊಡುವವರನ್ನು ಕಂಡು ನಗುವುದು ಸುಶಿಕ್ಷಿತರ ಲಕ್ಷಣವೆಂದು ನಾನೂ ಬಹುಕಾಲ ನಂಬಿದ್ದೆ; ವಾರ್ತೆ ಓದುವವನಿಗೆ ನನ್ನ ಮಾವ "ಹೌದೌದು" ಎಂದು ತಲೆಯಾಡಿಸುವಾಗ ಮೀಸೆಯಡಿಯಲ್ಲೇ ನಕ್ಕಿದ್ದೇನೆ. ಆದರೆ ಉತ್ತರಕ್ಕಾಗಿಯೇ ಕಾಯುವ ಕಾರ್ಯಕ್ರಮವೂ ಒಂದಿತ್ತು, ಓದುಗ ಮಹಾಶಯರೇ.

ಅರುವತ್ತರ ದಶಕದ ಆರಂಭದಲ್ಲಿ ನಾನು ಶಿರ್ತಾಡಿಯ ಕಡೆಯ ಶಾಲೆಯೊಂದರಲ್ಲಿ ಮಾಸ್ತರನಾಗಿದ್ದೆ. ಬೊಂಬಾಯಿಯಲ್ಲಿ ಹೋಟೆಲಿಟ್ಟಿದ್ದ ಊರಿನ ಶೆಟ್ಟರು ಕೊಡಿಸಿದ ರೇಡಿಯೋದಲ್ಲಿ ವಾರಕ್ಕೊಮ್ಮೆ ಮಕ್ಕಳ ಪಾಠ ಬರುತ್ತಿತ್ತು. ಪಾಠ ಹೇಳುವ ಅಕ್ಕ "ಬೆಳಿಗ್ಗೆ ನಮ್ಮನ್ನು ಎಬ್ಬಿಸುವ ಹಕ್ಕಿ ಯಾವುದು, ಮಕ್ಕಳೇ?" ಎಂದು ಕೇಳಿ, ತುಸು ಹೊತ್ತು ಸುಮ್ಮನಿದ್ದು, "ಭಲೇ ಜಾಣರು!" ಎನ್ನುತ್ತಿದ್ದಳು. ಆ ಬಿಡುವಿನಲ್ಲಿ ಎರಡನೇ ತರಗತಿಯ ವಾರಿಜ ಮಾಡಿನ ಹಂಚು ಹಾರುವಂತೆ "ಪೂಂಜೆ!" ಎಂದು ಕೂಗುವಳು. ಹುಂಜಕ್ಕೆ ಅವಳ ಮನೆಯಲ್ಲಿದ್ದ ತುಳು ಹೆಸರು ಅದೊಂದೇ. ಭಲೇ ಎಂದದ್ದು ತನಗೊಬ್ಬಳಿಗೇ ಎಂದು ಅವಳ ಮುಖ ಅರಳುವುದು. ಶಾಲೆಯಲ್ಲಿ ತುಳು ಮಾತಾಡಿದವರನ್ನು ಬೆಂಚಿನ ಮೇಲೆ ನಿಲ್ಲಿಸುವುದು ನಮ್ಮ ಪದ್ಧತಿ. ರೇಡಿಯೋದ ಹೊತ್ತಿಗೆ ಮಾತ್ರ ನಾನು ಕಿವುಡನಾಗುತ್ತಿದ್ದೆ.

ಮುಂದಿನ ವರ್ಷ ಶೆಟ್ಟರು ಟೇಪ್ ರೆಕಾರ್ಡರ್ ತಂದರು. ಭಾವೀ ಪೀಳಿಗೆಗೆ ಈ ಪಾಠ ಉಳಿಯಬೇಕೆಂಬ ಘನೋದ್ದೇಶ ನನ್ನ ತಲೆಗೇರಿತು. ಶುದ್ಧ ಕನ್ನಡದ ನಡುವೆ ತುಳು ನುಸುಳಿದರೆ ಶಾಲೆಯ ಮಾನ ಏನಾದೀತು? "ಯಾರೂ ತುಟಿ ಪಿಟಕ್ಕೆನ್ನಬಾರದು" ಎಂದು ಬೆತ್ತ ಹಿಡಿದು ನಿಂತೆ. ವಾರಿಜಳನ್ನು ನಂಬದೆ ಅಂಗಳದ ಗೇರುಮರದ ಬುಡಕ್ಕೆ ಅಟ್ಟಿದೆ. ಅಕ್ಕ ಪ್ರಶ್ನೆ ಕೇಳಿದಾಗ ಅವಳು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡದ್ದು ಕಿಟಕಿಯಿಂದ ಕಾಣಿಸಿತು. ಧ್ವನಿ ನಿರ್ಮಲವಾಗಿ ಬಂತೆಂದು ನಾನು ಹಿಗ್ಗಿದೆ.

ಮರುದಿನದಿಂದ ಅವಳು ಬರಲಿಲ್ಲ. ಕರೆಯಲು ಹೋದರೆ ಅವಳ ಅಮ್ಮ ಬೀಡಿಯೆಲೆ ಕತ್ತರಿಸುತ್ತಲೇ ಹೇಳಿದಳು:

"ಬಾಯಿ ಮುಚ್ಚಿ ಕೂರ್ಲಿಕ್ಕೆ ಶಾಲೆ ಯಾಕೆ ಮಾಸ್ಟ್ರೇ? ಇಲ್ಲಿ ಬೀಡಿ ಕಟ್ಲಿಕ್ಕೆ ಉಂಟಲ್ಲ."

ಪಕ್ಕದಲ್ಲಿ ನೂಲು ಸುತ್ತುತ್ತಿದ್ದ ವಾರಿಜ ತಲೆಯೆತ್ತಲಿಲ್ಲ. ಮೂರು ಸಲ ಹೋದೆ, ಮೂರು ಸಲವೂ ಬರಿಗೈಯಲ್ಲಿ ಬಂದೆ. ನನ್ನ ಮೇಲೆ ನನಗೆ ಹೇಸಿಗೆಯಾಯಿತು, ಆದರೆ ಬೆಂಚಿನ ಪದ್ಧತಿಯನ್ನು ಬಿಡುವಷ್ಟು ಅಲ್ಲ.

ಕೆಲವು ವರ್ಷಗಳ ಮೇಲೆ, ಆ ಕಾರ್ಯಕ್ರಮ ನಿಂತುಹೋದ ಬಳಿಕ, ಕಾಪಿಟ್ಟ ಟೇಪನ್ನು, ಇದೇ ಕೋಣೆಯಲ್ಲಿ ಮಕ್ಕಳ ಪಾಠದ ಹೊತ್ತಿಗೆ ಹಿಡಿದದ್ದೆಂದು ಹೇಳಿ, ಹೊಸ ಮಕ್ಕಳಿಗೆ ಕೇಳಿಸಿದೆ. ಪ್ರಶ್ನೆ, ನಿಶ್ಶಬ್ದ, "ಭಲೇ ಜಾಣರು!" ನಾನು ಚೆನ್ನಾಗಿ ತಯಾರು ಮಾಡಿದ್ದ ಆ ಮಕ್ಕಳೂ ಕೈಕಟ್ಟಿ ಕುಳಿತೇ ಇದ್ದರು. ಮುಗಿದ ಮೇಲೆ ಒಬ್ಬಳು ಎದ್ದು ನಿಂತಳು.

"ಮಾಸ್ಟ್ರೇ, ಆಗ ಈ ಶಾಲೆಯಲ್ಲಿ ಮಕ್ಕಳೇ ಇರ್ಲಿಲ್ವಾ?"

"ಒಬ್ಬಳಿದ್ದಳು" ಎಂದೆ. "ನಾನೇ ಹೊರಗೆ ಹಾಕಿದೆ."