ಬೊಮ್ಮಿಯ ಕಪಾಟಿನ ನಾಲ್ಕು ಕಾಲು

ಶೆಟಗೇರಿಯ ಆ ಕೇರಿಯಲ್ಲಿ ಯಾರ ಮನೆಯ ಮದುವೆಯಾದರೂ ಲಾಡು ಮೊದಲು ಹೋಗುವುದು ಬೊಮ್ಮಿಯ ಮನೆಗೆ. ಅವಳು ಎಲ್ಲರಿಗೂ ನೆಂಟಳೆಂದಲ್ಲ. ಅವಳ ಅಡುಗೆಮನೆಯ ಕಪಾಟಿಗೆ ಇರುವೆ ಹತ್ತುವುದಿಲ್ಲ.

ಬೊಮ್ಮಿಗೆ ಐವತ್ತೆಂಟು ವರ್ಷ. ಮಳೆಗಾಲದಲ್ಲಿ ಭತ್ತದ ನೆಟ್ಟಿ, ಬೇಸಿಗೆಯಲ್ಲಿ ಶೇಂಗಾ ಕೀಳುವುದು, ಉಳಿದ ದಿನ ಕರೆದವರ ಗದ್ದೆಯ ಕೂಲಿ. ಶಾಲೆಯ ಮೆಟ್ಟಿಲು ಹತ್ತುವುದು ಓಟು ಹಾಕಲು ಮಾತ್ರ. ಕೇರಿಯವರು ಅವಳ ಅಭಿಪ್ರಾಯವನ್ನು ಯಾವ ವಿಷಯಕ್ಕೂ ಕೇಳಿದ್ದಿಲ್ಲ, ಇರುವೆಯೊಂದನ್ನು ಬಿಟ್ಟು.

ಜಾಳಿಗೆ ಬಾಗಿಲಿನ ಆ ಕಪಾಟನ್ನು ಅವಳ ಗಂಡ ಬದುಕಿದ್ದಾಗ ಅಂಕೋಲೆಯ ಹಳೇ ಸಾಮಾನಿನ ಅಂಗಡಿಯಿಂದ ತಲೆಯ ಮೇಲೆ ಹೊತ್ತು ತಂದಿದ್ದ. ಅದರ ನಾಲ್ಕು ಕಾಲುಗಳು ನಾಲ್ಕು ಸ್ಟೀಲಿನ ಬಟ್ಟಲಲ್ಲಿ ನಿಂತಿದ್ದವು. ನಾಲ್ಕೂ ಬೇರೆಬೇರೆಯವರ ಮದುವೆಯಲ್ಲಿ ಉಡುಗೊರೆಯಾಗಿ ಸಿಕ್ಕಿದ್ದವು, ಒಂದೊಂದರಲ್ಲೂ ಗಂಡು ಹೆಣ್ಣಿನ ಹೆಸರು ಕೆತ್ತಿತ್ತು. ಬಟ್ಟಲ ತುಂಬ ನೀರು. ಕಪಾಟು ಗೋಡೆಯಿಂದ ಒಂದು ಗೇಣು ದೂರ. ಬೆಲ್ಲದ ಡಬ್ಬಿಯ ಹೊರಮೈ ಒರೆಸಿಯೇ ಒಳಗಿಡಬೇಕು. ಕಸ ಗುಡಿಸುವ ಹಿಡಿಗುಂಟೆ, ಮೊರ, ಯಾವುದನ್ನೂ ಕಪಾಟಿಗೆ ಒರಗಿಸಬಾರದು. ಇಷ್ಟೇ ಅವಳ ವಿದ್ಯೆ.

ಮೇ ತಿಂಗಳ ಕೊನೆಯಲ್ಲಿ ಎದುರುಮನೆಯ ಕಾಶಿಯ ಮಗಳು ಪೂರ್ಣಿಮಾಳ ಮದುವೆ ಭಾನುವಾರಕ್ಕೆ ಗೊತ್ತಾಗಿತ್ತು. ಎರಡು ಅಡ್ಡಮಳೆ ಬಿದ್ದು ಅಂಗಳದ ಇರುವೆಗಳೆಲ್ಲ ಮನೆಯೊಳಗೆ ಜಾಗ ಹುಡುಕುತ್ತಿದ್ದವು. ಲಾಡನ್ನು ಕಾರವಾರದ ತಮ್ಮನ ಫ್ರಿಜ್ಜಿಗೆ ಕಳಿಸುವುದೆಂದು ಕಾಶಿ ಹೊರಟಿದ್ದಳು. ಬೊಮ್ಮಿಗೆ ಅದು ಅವಮಾನವೆನಿಸಿತು. "ನನ್ನ ಕಪಾಟು ಸತ್ತಿದ್ಯೇನೆ?" ಎಂದು ಕೇಳಿ, ಮೂರು ಪರಾತ ಲಾಡನ್ನು ತಾನೇ ಹೊತ್ತು ತಂದು ಒಳಗಿಟ್ಟಳು.

ಗುರುವಾರ ಆಶಾ ಕಾರ್ಯಕರ್ತೆ ಉಮಾ ಬಂದಳು. ಕೇರಿಯಲ್ಲಿ ಒಬ್ಬರಿಗೆ ಡೆಂಗಿ ಬಂದಿದ್ದರಿಂದ ಈ ಸಲ ಅಡುಗೆಮನೆಯನ್ನೂ ನೋಡಬೇಕಿತ್ತು. ಕಪಾಟಿನ ಕೆಳಗೆ ಬ್ಯಾಟರಿ ಬಿಟ್ಟವಳು ಹಾಗೇ ಕುಕ್ಕರುಗಾಲಲ್ಲಿ ಕೂತಳು.

"ಬೊಮ್ಮಕ್ಕಾ, ಇಲ್ಲಿ ಕಾಣು. ಸೊಳ್ಳೆ ಮರಿ ಕುಣೀತಾ ಅವೆ."

"ಅದು ಇರುವೆಗೆ ಇಟ್ಟ ನೀರು. ಸೊಳ್ಳೆಗೆ ಇಟ್ಟದ್ದಲ್ಲ."

"ಸೊಳ್ಳೆಗೆ ಅದು ಗೊತ್ತಾಗ್ಬೇಕಲ್ಲೇ ಮಾರಾಯ್ತಿ! ಬಟ್ಟಲ ನೀರು ಯಾವಾಗ ಚೆಲ್ಲಿದ್ಯೇ?"

"ದಿನಾ ಹಾಕ್ತೆ."

"ಹಾಕೂದಲ್ಲ, ಚೆಲ್ಲೂದು."

ಬೊಮ್ಮಿ ಯೋಚಿಸಿದಳು. ನೀರು ಹಾಕಬೇಕೆಂದು ತಾಯಿ ಕಲಿಸಿದ್ದಳು. ಚೆಲ್ಲಬೇಕೆಂದು ಯಾರೂ ಹೇಳಿರಲಿಲ್ಲ.

ಕಪಾಟಿನ ಒಂದೊಂದೇ ಕಾಲನ್ನು ಇಟ್ಟಿಗೆಯ ಮೇಲೆ ಎತ್ತಿ, ಇಬ್ಬರೂ ಸೇರಿ ಬಟ್ಟಲು ತಿಕ್ಕಿದರು. ಹೊಸ ನೀರಿಗೆ ಉಮಾ ಒಂದೊಂದು ಚಿಟಿಕೆ ಸಾಬೂನು ಪುಡಿ ಹಾಕಿದಳು. "ವಾರಕ್ಕೊಂದ್ಸಲ ಹೀಂಗೇ ಮಾಡು. ಸಾಬೂನ್ ನೀರಲ್ಲಿ ಇರುವೆ ತೇಲೂದಿಲ್ಲ, ಮುಳುಗ್ತದೆ. ಸೊಳ್ಳೆ ಮರೀನೂ ಬದುಕೂದಿಲ್ಲ" ಎಂದು ಹೇಳಿ ಹೋದಳು.

ಶುಕ್ರವಾರ ಬೆಳಿಗ್ಗೆ ಬೊಮ್ಮಿ ಕಪಾಟು ತೆರೆದು ಲಾಡಿಗೆ ಮುಚ್ಚಿದ ಬಟ್ಟೆ ಎತ್ತಿ ನೋಡಿದರೆ ಮೇಲಿನ ಪರಾತದ ಲಾಡುಗಳು ಅಲ್ಲಾಡುತ್ತಿರುವಂತೆ ಕಂಡವು. ಅಲ್ಲಾಡುತ್ತಿದ್ದದ್ದು ಇರುವೆ. ಅದೇ ಹೊತ್ತಿಗೆ ಕಾಶಿ ಹಿತ್ತಲ ಬಾಗಿಲಿಂದ ಒಳಗೆ ಬಂದಳು.

"ಅಯ್ಯೋ ದೇವ್ರೇ! ಬೊಮ್ಮೀ, ನಿನ್ನ ನಂಬಿ ನಾ ಫ್ರಿಜ್ ಬಿಟ್ನಲ್ಲೇ!"

ಬೊಮ್ಮಿಯ ಬಾಯಿಂದ ಬಂದದ್ದು ಒಂದೇ ಮಾತು. "ನಿನ್ನೆ ಉಮಾ ಬಂದು ಸಾಬೂನ್ ನೀರು ಹಾಕಿ ಹೋಗಿದ್ಲು."

ಕಾಶಿಗೆ ಅಷ್ಟೇ ಸಾಕಾಯಿತು. ರಸ್ತೆಯಲ್ಲಿ ಹೋಗುತ್ತಿದ್ದ ಉಮಾಳನ್ನು ಬೇಲಿಯ ಮೇಲಿಂದಲೇ ಕೂಗಿದಳು. "ಬಾರೇ ಡಾಕ್ಟ್ರಮ್ಮಾ! ನಿನ್ನ ರೋಗಿಗಳು ಲಾಡು ತಿಂತಾ ಕೂತವೆ, ಕಂಡ್ಕಂಡು ಹೋಗು!" ಉಮಾ ಬಂದು ಬಾಗಿಲಲ್ಲಿ ನಿಂತಳು. ಇನ್ನು ಮುಂದೆ ಈ ಕೇರಿಯಲ್ಲಿ ಯಾರ ಅಡುಗೆಮನೆಗೂ ಅವಳನ್ನು ಬಿಡುವುದಿಲ್ಲವೆಂದು ಕಾಶಿ ಸಾರಿದಳು.

ಬೊಮ್ಮಿ ಜಗಳಕ್ಕೆ ಸೇರಲಿಲ್ಲ. ಇರುವೆಯನ್ನು ಒರೆಸುವ ಮೊದಲು ಅದು ಎಲ್ಲಿಂದ ಬಂತೆಂದು ನೋಡಬೇಕು. ಅದು ಅವಳ ಅಭ್ಯಾಸ. ನೆಲದ ಮೇಲೆ ಕೂತು ಬಟ್ಟಲು ನೋಡಿದಳು. ನಾಲ್ಕರಲ್ಲೂ ಇರುವೆಗಳು ಸತ್ತು ತಳಕ್ಕೆ ಇಳಿದಿದ್ದವು, ಕಾಲಿನ ಮೇಲೆ ಒಂದೂ ಇರಲಿಲ್ಲ. ಸಾಲು ಇದ್ದದ್ದು ಬೇರೆ ಕಡೆ. ಕಿಟಕಿಯಿಂದ ಇಳಿದು, ಗೋಡೆ ಹಿಡಿದು ಕರೆಂಟಿನ ಬೋರ್ಡಿಗೆ ಬಂದು, ಅಲ್ಲಿಂದ ಬಿಳಿ ವಾಯರಿನ ಮೇಲೆ ಒಂದರ ಹಿಂದೆ ಒಂದು ನಡೆದು, ಕಪಾಟಿನ ನೆತ್ತಿಗೆ ತಲುಪಿ, ಬಾಗಿಲ ಸಂದಿಯಿಂದ ಒಳಗಿಳಿಯುತ್ತಿತ್ತು. ನೆತ್ತಿಯ ಮೇಲೆ ಮಗ ರೂಪೇಶನ ಮೊಬೈಲು ಚಾರ್ಜಿಗೆ ಇತ್ತು. ಅವನು ಮಲ್ಲಾಪುರದಲ್ಲಿ ಗುತ್ತಿಗೆ ಕೆಲಸದವನು, ಮದುವೆಗೆಂದು ರಜೆ ಹಾಕಿ ಹಿಂದಿನ ರಾತ್ರಿ ಬಂದಿದ್ದ.

ಈಗಲೂ ಉಮಾಳ ಹೆಸರು ಹೇಳಿ ಸುಮ್ಮನಿರಬಹುದಿತ್ತು. ಕಾಶಿ ನಂಬಿಯೂ ಆಗಿತ್ತು. ಬೊಮ್ಮಿಯ ಕಪಾಟಿನ ಹೆಸರು ಉಳಿಯುತ್ತಿತ್ತು.

ಅವಳು ಎದ್ದು ವಾಯರನ್ನು ಬೋರ್ಡಿನಿಂದ ಕಿತ್ತಳು.

"ಕಾಶೀ, ಇವ್ಳನ್ನ ಬೈಬೇಡ. ನೀರು ಸರಿ ಅದೆ. ಇರುವೆ ದಾಟೂಕೆ ಸಂಕ ಹಾಕಿದ್ದು ನನ್ನ ಮಗ್ನೇ."

ಎದ್ದು ಬಂದ ರೂಪೇಶ ಕಣ್ಣುಜ್ಜಿಕೊಂಡು, "ನೆಟ್‌ವರ್ಕ್ ಸಿಕ್ಕೂದು ಅಲ್ಲೊಂದೇ ಕಡೆ, ಆಯೀ" ಎಂದ.

"ಸಿಕ್ತಲ್ಲ ಮಗಾ. ಇರುವೆಗೂ ಸಿಕ್ತು."

ಉಮಾ ಸಾಬೂನು ನೀರಿನ ಬಟ್ಟೆಯಿಂದ ಗೋಡೆಯ ಸಾಲನ್ನು ವಾಸನೆ ಹೋಗುವ ಹಾಗೆ ಒರೆಸಿದಳು. ಮೇಲಿನ ಪರಾತವನ್ನು ಬೊಮ್ಮಿ ಅಂಗಳದ ಬಿಸಿಲಲ್ಲಿಟ್ಟಳು. ಹೊತ್ತೇರಿದಂತೆ ಇರುವೆಗಳು ತಾವಾಗಿಯೇ ಇಳಿದು ಹೋದವು. ಕೆಳಗಿನ ಎರಡು ಪರಾತಕ್ಕೆ ಏನೂ ಆಗಿರಲಿಲ್ಲ. ಕಾಶಿ ಒಂದೊಂದೇ ಲಾಡನ್ನು ತಿರುಗಿಸಿ ನೋಡಿದಳು. ಎಲ್ಲ ನೋಡಿದ ಮೇಲೂ ಮೂರು ಪರಾತಗಳನ್ನೂ ತನ್ನ ಮನೆಗೇ ಹೊತ್ತುಕೊಂಡು ಹೋದಳು. ಬೊಮ್ಮಿ ತಡೆಯಲಿಲ್ಲ. ಮದುವೆಗೆ ಹೋಗಿ ಊಟ ಮಾಡಿ ಬಂದಳು. ಲಾಡು ಮಾತ್ರ ಬಡಿಸಿಕೊಳ್ಳಲಿಲ್ಲ.

ಆಮೇಲೆ ಒಂದು ವರ್ಷ ಆ ಕಪಾಟಿಗೆ ಬೇರೆಯವರ ಮನೆಯ ಲಾಡು ಬರಲಿಲ್ಲ. ಬೊಮ್ಮಿ ಪ್ರತಿ ಗುರುವಾರ ನೀರು ಚೆಲ್ಲಿದಳು, ಬಟ್ಟಲು ತಿಕ್ಕಿದಳು, ಪುಡಿ ಹಾಕಿದಳು. ರೂಪೇಶ ಊರಿಗೆ ಬಂದಾಗಲೆಲ್ಲ ಬಾವಿಕಟ್ಟೆಯ ಮೇಲೆ ನಿಂತು, ಮೊಬೈಲು ಹಿಡಿದ ಕೈ ಮೇಲೆತ್ತಿ ಮಾತಾಡುತ್ತಿದ್ದ.

ಪೂರ್ಣಿಮಾಳ ಮಗುವಿನ ನಾಮಕರಣದ ಹಿಂದಿನ ದಿನ ಕಾಶಿ ಪರಾತ ಹೊತ್ತು ಹಿತ್ತಲ ಬಾಗಿಲಿಗೆ ಬಂದಳು. ಕಪಾಟಿನ ಕಾಲುಗಳ ಕಡೆ ನೋಡಲಿಲ್ಲ. ತುದಿಗಾಲಲ್ಲಿ ನಿಂತು ಅದರ ನೆತ್ತಿಯ ಮೇಲೆ ನೋಡಿದಳು. ಅಲ್ಲಿ ಏನೂ ಇರಲಿಲ್ಲ.

"ತಗಾ" ಎಂದು ಪರಾತವನ್ನು ಬೊಮ್ಮಿಯ ಕೈಗೆ ಕೊಟ್ಟಳು.