ಬೆಂಚಿನ ಕೆಳಗಿನ ಚಪ್ಪಲಿ

ಕಳೆದ ತಿಂಗಳು ಸೇಡಂನ ನಮ್ಮ ಆಸ್ಪತ್ರೆಯ ಆಪರೇಷನ್ ಕೋಣೆಗೆ ಹೊಸ ಯುವಿ ದೀಪ ಬಂತು. ಗಾಳಿಯಲ್ಲಿ, ಗೋಡೆಯ ಮೇಲೆ ಉಳಿದ ರೋಗದ ಕ್ರಿಮಿಗಳನ್ನು ಕೊಲ್ಲುವ ದೀಪ. ಮನುಷ್ಯರು ಒಳಗೆ ಕಾಲಿಟ್ಟರೆ ತಾನಾಗಿಯೇ ಆರುತ್ತದಂತೆ. ಜೋಡಿಸಲು ಬಂದವರು ಮೂರು ಸಲ ಒಳಹೊರಗೆ ಓಡಾಡಿ ತೋರಿಸಿದರು, ಎಲ್ಲರೂ ಮೆಚ್ಚಿದರು. ಅವರೆಲ್ಲ ಹೋದ ಮೇಲೆ ನಾನು ಬಾಗಿಲು ತೆರೆದೆ. ಆ ವಾಸನೆ ಮೂಗಿಗೆ ಬಡಿಯಿತು... ಸಿಡಿಲು ಬಿದ್ದ ಹೊಲದಲ್ಲಿ ಬರುವಂಥ ಚುರುಕು ವಾಸನೆ, ಅದರ ಹಿಂದೆಯೇ ಫಿನಾಯಿಲ್. ವಾಡಿಯ ಆಯಮ್ಮ ನನ್ನ ಬೆನ್ನ ಹಿಂದೆ ನಿಂತಿದ್ದಾಳೆ ಅನ್ನಿಸಿತು. ತಿರುಗಿ ನೋಡಲು ಧೈರ್ಯವಾಗಲಿಲ್ಲ.

ನಾನು ನರ್ಸ್ ಆಗಿ ಮೊದಲು ಸೇರಿದ್ದು ವಾಡಿಯ ಒಂದು ಸಣ್ಣ ಖಾಸಗಿ ಆಸ್ಪತ್ರೆಗೆ. ಬೆಳಿಗ್ಗೆ ಒರೆಸಿದ ಕಿಟಕಿಯ ಮೇಲೆ ಮಧ್ಯಾಹ್ನದೊಳಗೆ ಸಿಮೆಂಟಿನ ಧೂಳು ಕೂರುವ ಊರು ಅದು. ಆಯಮ್ಮ ರಾವೂರಿನಿಂದ ದಿನಾ ಟಂಟಂ ಆಟೊ ಹತ್ತಿ ಬರುತ್ತಿದ್ದಳು. ನೆಲ ಒರೆಸುವುದು, ರಕ್ತದ ಬಟ್ಟೆ ಒಗೆಯುವುದು ಆಕೆಯ ಕೆಲಸ. ಆಕೆಯ ಚಹಾದ ಲೋಟ ಮಾತ್ರ ಕಿಟಕಿಯ ಹೊರಗೆ ಬೇರೆ ಇರುತ್ತಿತ್ತು. ಯಾಕೆ ಬೇರೆ ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ನಾನೂ ಕೇಳಲಿಲ್ಲ.

ಅಲ್ಲಿಯೂ ಇಂಥದೇ ಒಂದು ಹಳೆಯ ದೀಪವಿತ್ತು, ತಾನಾಗಿ ಆರದಂಥದು. ಅದರ ವಿಷಯದಲ್ಲಿ ಮಾತ್ರ ಡಾಕ್ಟರೂ ಆಕೆಯ ಮಾತು ಕೇಳಬೇಕಿತ್ತು. ಆಪರೇಷನ್ ಮುಗಿದು ಕೋಣೆ ತೊಳೆದ ಮೇಲೆ ಒಂದು ತಾಸು ಆ ನೀಲಿ ಟ್ಯೂಬು ಉರಿಯಬೇಕು. ಸ್ವಿಚ್ಚು ಬಾಗಿಲ ಹೊರಗಿತ್ತು. ಆ ಕೋಣೆಗೆ ಹೋಗುವವರು ಚಪ್ಪಲಿ ಹೊಸ್ತಿಲ ಮುಂದೆಯೇ ಬಿಡಬೇಕು. ದೀಪ ಹಚ್ಚುವವರು ಮೊದಲು ಹೊಸ್ತಿಲು ನೋಡಬೇಕು, ಆಮೇಲೆ ಮೂರು ಸಲ ಕೂಗಬೇಕು. ಇದು ಆಯಮ್ಮ ಮಾಡಿದ ಕಾಯ್ದೆ. ನಾನು ಹೊಸದರಲ್ಲಿ ಬಾಗಿಲ ಸಂದಿಯಿಂದ ಇಣುಕಲು ಹೋಗಿ ಆಕೆಯಿಂದ ಬೈಸಿಕೊಂಡಿದ್ದೆ.

"ನೋಡ್ಲಿಕ್ಕ ತಂಪು ಅದ, ಖರೆ ಬಿಸಿಲಿಗಿಂತ ಖಾರ ಸಿಸ್ಟರವ್ವಾ. ಈಗ ಏನೂ ಗೊತ್ತಾಗಂಗಿಲ್ಲ. ಸಂಜಿಗಿ ಕಣ್ಣಾಗ ಖಾರಪುಡಿ ಉಗ್ಗಿದಂಗ ಆಗ್ತದ, ಆವಾಗ ಅಳ್ತಿ ನೋಡು!" ಅಂದು, ಸೆರಗು ಬಾಯಿಗೆ ಹಿಡಿದು ನಕ್ಕಿದ್ದಳು.

ಒಂದು ದಿನ ಡಾಕ್ಟರು ಕಲಬುರಗಿಯಿಂದ ದೊಡ್ಡವರನ್ನು ಯಾರನ್ನೋ ಆಸ್ಪತ್ರೆ ತೋರಿಸಲು ಕರೆತರುವವರಿದ್ದರು. ಬೆಳಗಿನಿಂದ ಗಡಿಬಿಡಿ. ಆಯಮ್ಮ ಆಪರೇಷನ್ ಕೋಣೆ ತೊಳೆಯಲು ಒಳಗೆ ಹೋಗಿದ್ದಳು. ಹೊಸ್ತಿಲ ಮುಂದೆ ಆಕೆಯ ಹವಾಯಿ ಚಪ್ಪಲಿ ಬಿದ್ದಿದ್ದವು. ಹಿಮ್ಮಡಿ ಸವೆದು ತೂತಾಗಿದ್ದವು, ಒಂದರ ಪಟ್ಟಿಗೆ ಪಿನ್ನು ಹಾಕಿತ್ತು. ಬರುವವರ ಕಣ್ಣಿಗೆ ಮೊದಲು ಇವೇ ಬೀಳುತ್ತವಲ್ಲ ಎಂದು ನನಗೆ ನಾಚಿಕೆಯಾಯಿತು. ಬಗ್ಗಿ ಮುಟ್ಟಲು ಮನಸ್ಸಾಗಲಿಲ್ಲ. ಕಾಲಿನ ತುದಿಯಿಂದ ಒಂದೊಂದೇ ತಳ್ಳಿ ಪಕ್ಕದ ಬೆಂಚಿನ ಕೆಳಗೆ ಸೇರಿಸಿದೆ.

ಅವರು ಬಂದರು, ಓಣಿಯಂಥ ಆ ವರಾಂಡದಲ್ಲಿ ಓಡಾಡಿದರು, ಚಹಾ ಕುಡಿದು ಹೋದರು. ನಾನು ಬಸಿ, ಕಪ್ಪು ಎಂದು ಓಡಾಡಿದೆ. ಮತ್ತೆ ಬಾಗಿಲ ಮುಂದೆ ಬಂದಾಗ ಚಪ್ಪಲಿಯ ನೆನಪೇ ಇರಲಿಲ್ಲ. ಹೊಸ್ತಿಲು ಖಾಲಿಯಿತ್ತು. ಚಪ್ಪಲಿಯೇ ಇಲ್ಲದ ಮೇಲೆ ಕೂಗುವುದೇಕೆ ಎಂದು ಸ್ವಿಚ್ಚು ಒತ್ತಿದೆ. ಆಮೇಲೆ ಅದೇ ಬೆಂಚಿನ ಮೇಲೆ ಕೂತು, ಗಾಯಕ್ಕೆ ಕಟ್ಟುವ ಬಟ್ಟೆ ಮಡಚುತ್ತ ಅರ್ಧ ತಾಸು ಕಳೆದೆ. ನನ್ನ ಕಾಲ ಕೆಳಗೇ ಆಕೆಯ ಚಪ್ಪಲಿ ಇದ್ದವು...

ಬಾಗಿಲು ಒಳಗಿನಿಂದ ತೆರೆಯಿತು.

ಆಯಮ್ಮ ಒದ್ದೆ ಬಟ್ಟೆ ಹಿಡಿದು ಹೊರಗೆ ಬಂದಳು. ಒರೆಸುವಾಗ ಒಳಗಿನ ದೊಡ್ಡ ದೀಪಗಳೆಲ್ಲ ಉರಿಯುತ್ತಿದ್ದವು, ಆ ಬೆಳಕಿನಲ್ಲಿ ನೀಲಿ ಕಂಡಿರಲಿಲ್ಲ. ಆಕೆ ಮೊದಲು ಸ್ವಿಚ್ಚು ನೋಡಿದಳು. ಆಮೇಲೆ ಖಾಲಿ ಹೊಸ್ತಿಲು. ಆಮೇಲೆ ನನ್ನನ್ನು.

"ಯಾವಾಗ ಹಚ್ಚೀಯವ್ವಾ?"

"ಈಗ... ಈಗರ ಹಚ್ಚೀನಿ," ಅಂದೆ.

ಆಕೆ ಬಗ್ಗಿ, ನನ್ನ ಕಾಲ ಬಳಿಯಿಂದ ಚಪ್ಪಲಿ ಎಳೆದುಕೊಂಡು, ಮೆಟ್ಟಿಕೊಂಡು ಹೋದಳು. ಅರ್ಧ ತಾಸು ಆಯಿತು ಎಂದಿದ್ದರೆ ಆಗಲೇ ಡಾಕ್ಟರಿಗೆ ತೋರಿಸಬಹುದಿತ್ತು. ನಾನು ಬಟ್ಟೆ ಮಡಚುತ್ತಲೇ ಕೂತೆ.

ಮರುದಿನ ಆಕೆಯನ್ನು ಮಗಳು ಕೈಹಿಡಿದು ಕರೆತಂದಳು. ಮುಖ ಕೆಂಪಗೆ ಬೆಂದಂತಾಗಿತ್ತು, ಕಣ್ಣಿನ ಮೇಲೆ ಹಸಿ ಬಟ್ಟೆ. ಡಾಕ್ಟರು ಕಣ್ಣಿಗೆ ಔಷಧಿ ಹಾಕಿ, ವಾಸಿಯಾಗುತ್ತದೆ ಎಂದರು. ಆಮೇಲೆ ದೀಪ ಹಚ್ಚಿದವರು ಯಾರೆಂದು ಕೂಗಾಡಿದರು.

"ಬಾಗಿಲ ಮುಂದ ಚಪ್ಪಲಿ ಇರಲಿಲ್ಲ ಸರ್," ಅಂದೆ. ಅದು ನಿಜವೇ ಆಗಿತ್ತು. ಅಷ್ಟು ಕೆಟ್ಟ ನಿಜವನ್ನು ನಾನು ಮತ್ತೆಂದೂ ಆಡಿಲ್ಲ.

"ನೀನೇ ಕಾಯ್ದೆ ಮಾಡ್ತಿ, ನೀನೇ ಮುರೀತಿ?" ಎಂದು ಅವರು ಆಯಮ್ಮನ ಮೇಲೆ ಹರಿಹಾಯ್ದರು. ಆಕೆ ಆ ಮುಚ್ಚಿದ ಮುಖವನ್ನು ನಾನಿದ್ದ ಕಡೆ ತಿರುಗಿಸಿದಳು. ಈಗ ಹೇಳುತ್ತಾಳೆ ಎಂದುಕೊಂಡೆ. "ನಂದೇ ತಪ್ಪಾತ್ರಿ ಸಾಹೇಬ್ರ," ಅಂದಳು, ಅಷ್ಟೆ.

ಮೂರ್ನಾಲ್ಕು ದಿನದಲ್ಲಿ ಕಣ್ಣು ವಾಸಿಯಾಯಿತಂತೆ. ಆದರೆ ಕೆಲಸಕ್ಕೆ ಮತ್ತೆ ಕರೆಯಲಿಲ್ಲ. ರಾವೂರಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ ಕಲ್ಲು ಹೊರುತ್ತಾಳೆ ಎಂದು ಆಮೇಲೆ ಯಾರೋ ಹೇಳಿದರು. ನಾನು ಚಿತ್ತಾಪುರ, ಸೇಡಂ ಎಂದು ಕೆಲಸ ಬದಲಿಸಿದೆ. ಆ ದಾರಿಯಲ್ಲಿ ಹೋಗುವಾಗ ಕಲ್ಲಿನ ಗುಡ್ಡೆಗಳು ಕಂಡರೆ ಮುಖ ಈಚೆ ತಿರುಗಿಸಿಕೊಳ್ಳುತ್ತಿದ್ದೆ. ಇಷ್ಟು ವರ್ಷ ಹಾಗೆಯೇ ಕಳೆದೆ, ಹೇಡಿ ನಾನು.

ಹೊಸ ದೀಪದ ವಾಸನೆ ಬಡಿದ ಮೇಲೆ ತಡೆಯಲಾಗಲಿಲ್ಲ. ಭಾನುವಾರ ರಾವೂರಿಗೆ ಹೋದೆ. ಬಾಗಿಲು ತೆರೆದವಳು ಮಗಳು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಹಾರ ಹಾಕಿದ ಆಯಮ್ಮನ ಫೋಟೋ.

"ಅವ್ವ ಹೋಗಿ ಎರಡು ವರ್ಷ ಆತ್ರಿ. ನೀವು ವಾಡಿ ಸಿಸ್ಟರ್ ಅಲ್ರೀ? ಬರ್ರಿ, ಕುಂದ್ರಿ. ನಿಮ್ಮನ್ನ ಭಾಳ ನೆನಸ್ತಿದ್ಳು."

ನಾನು ಬಾಯಿ ತೆರೆಯುವ ಮೊದಲೇ ಆಕೆ ಮುಂದುವರಿಸಿದಳು. "ದೀಪ ಹಚ್ಚಿದಾಕಿ ಹೆಸರು ಯಾಕ ಹೇಳ್ಲಿಲ್ಲಬೇ ಅಂತ ನಾ ಜಗಳಾಡ್ತಿದ್ದೆ ನೋಡ್ರಿ. ಅದಕ್ಕ ಅವ್ವ ಅಂತಿದ್ಳು, ಆ ಹುಡುಗಿ ನನ್ನ ಚಪ್ಪಲಿ ಕೈಲೆ ಎತ್ತಿ ತನ್ನ ಬೆಂಚಿನ ಕೆಳಗ ಜ್ವಾಕ್ಯಾಗಿ ಇಟ್ಟಿತ್ತು. ನನ್ನ ಚಪ್ಪಲಿ ಆ ದವಾಖಾನ್ಯಾಗ ಯಾರು ಮುಟ್ಟತಿದ್ರು? ಅಂಥಾಕಿ ಹೊಟ್ಟಿ ಮ್ಯಾಲ ಹ್ಯಾಂಗ ಹೊಡೀಲಿ, ಅಂತ."

ಹೂವಿನ ಚಿತ್ರದ ಕಪ್ಪಿನಲ್ಲಿ ಚಹಾ ಕೊಟ್ಟಳು. ಮನೆಯಲ್ಲಿ ಅಂಥದು ಒಂದೇ ಇತ್ತು. ನಾನು ಕುಡಿದೆ. ಹೇಳಲು ಹೋದದ್ದನ್ನು ಹೇಳದೆ ಎದ್ದು ಬಂದೆ.

ಹೊಸ ದೀಪಕ್ಕೆ ಚಪ್ಪಲಿಯ ಕಾಯ್ದೆ ಬೇಕಿಲ್ಲ ಎನ್ನುತ್ತಾರೆ. ಆದರೂ ನಾನು ಹೊಸ್ತಿಲು ನೋಡುತ್ತೇನೆ, ಮೂರು ಸಲ ಕೂಗುತ್ತೇನೆ. ನಿನ್ನೆಯೂ ಕೂಗಿದೆ, "ಒಳಗ ಯಾರರ ಅದೀರೇನ್ರಿ?" ಯಾರೂ ಇರಲಿಲ್ಲ. ಬಾಗಿಲಿಗೆ ಹಣೆ ಹಚ್ಚಿ ಮೆಲ್ಲಗೆ ಅಂದೆ, "ಆಯಮ್ಮಾ, ಕೈಲೆ ಅಲ್ಲಬೇ... ಕಾಲಿಲೆ ದೂಡಿದ್ದೆ."

ಸ್ವಲ್ಪ ಹೊತ್ತು ಕಾದೆ. ಆಮೇಲೆ ಸ್ವಿಚ್ಚು ಒತ್ತಿದೆ.