ಸಮುದ್ರಕ್ಕೆ ಬೆನ್ನು ಮಾಡಿ ಕೂತ ಶೇವಂತಾಬಾಯಿ

ಶನಿವಾರ ಬೆಳಗಿನ ಐದೂವರೆ. ಪಾಳಬಂದರದ ಧರ್ಮಶಾಲೆಯ ಅಂಗಳದಿಂದ ನಲವತ್ತು ಹೆಜ್ಜೆ ಇಳಿದರೆ ಸಮುದ್ರ. ಐನೂರು ಕಿಲೋಮೀಟರು ದೂರದಿಂದ ಅದನ್ನು ನೋಡಲೆಂದೇ ಬಸ್ಸು ಹತ್ತಿ ಬಂದ ನಲವತ್ಮೂರು ಮಂದಿಯಲ್ಲಿ ಒಬ್ಬರೂ ಅತ್ತ ನೋಡುತ್ತಿಲ್ಲ. ತಂಬಿಗೆ ಹಿಡಿದು ಒಂದು ನೀಲಿ ಡ್ರಮ್ಮಿನ ಮುಂದೆ ಸಾಲುಗಟ್ಟಿ ಜಗಳವಾಡುತ್ತಿದ್ದಾರೆ. ಡ್ರಮ್ಮಿನ ಪಕ್ಕ, ಸಮುದ್ರಕ್ಕೆ ಬೆನ್ನು ಮಾಡಿ ಕೂತ ಶೇವಂತಾಬಾಯಿ ಹಿತ್ತಾಳೆಯ ಗಿಲಾಸಿನಲ್ಲಿ ತಲೆಗೊಂದು ಅಳತೆಯಂತೆ ನೀರು ಹಾಕುತ್ತಾರೆ.

ಇದು ಲಿಂಗಪೂಜೆಯ ಮೀಸಲು ನೀರು, ಅಗ್ಗವಣಿ. ಉಮರಗಾ, ನಿಲಂಗಾ, ಉದಗೀರಿನ ಈ ಅಂಗಡಿಕಾರ ಮನೆತನಗಳವರು ಪೂಜೆಯಾಗದೆ ಬಾಯಿಗೆ ಚಹಾ ಕೂಡ ಬಿಡುವುದಿಲ್ಲ. ಪರಊರಿನ ನಳದ ನೀರು ಪೂಜೆಗೆ ಆಗದು ಎಂದು ಉಮರಗಾದಿಂದಲೇ ಡ್ರಮ್ಮು ಬರುತ್ತದೆ. ಎರಡು ವರ್ಷದಿಂದ ಮಳೆ ಕೈಕೊಟ್ಟ, ಲಾತೂರಿಗೆ ರೈಲಿನಲ್ಲಿ ನೀರು ತರಿಸಿಕೊಂಡ ಸೀಮೆಯಿಂದ ಕೊಂಕಣಕ್ಕೆ ನೀರು ಹೊತ್ತು ತರುವ ಈ ಪ್ರವಾಸವನ್ನು ಏನೆನ್ನಬೇಕೋ ನನಗೆ ತಿಳಿಯದು. ಸಮುದ್ರದ ಬಗ್ಗೆ ಬರೆದು ತಾ ಎಂದು ಸಂಪಾದಕರು ನನ್ನನ್ನು ಕಳಿಸಿದ್ದರು, ನಾನು ಬರೆಯುತ್ತಿರುವುದು ಡ್ರಮ್ಮಿನ ಬಗ್ಗೆ.

ನಿಲಂಗಾದ ಬಟ್ಟೆ ವ್ಯಾಪಾರಿಯ ಮನೆಯ ರಂಭಾಬಾಯಿ ಗಿಲಾಸು ತುಂಬಲಿಲ್ಲ ಎಂದು ತಕರಾರು ತೆಗೆಯುತ್ತಾರೆ. ಶೇವಂತಾಬಾಯಿ ತಲೆ ಎತ್ತುವುದೂ ಇಲ್ಲ. "ವೈನಿ, ಲಿಂಗ ಅಂಗೈಯಾಗ ಕೂಡ್ತದ. ನಿಮಗ ನೀರು ಬಕೀಟ್‌ಗಟ್ಲೆ ಯಾಕ ಬೇಕ್ರೀ? ಮುಂದ ನಡೀರಿ."

ಶೇವಂತಾಬಾಯಿಗೆ ಐವತ್ತನಾಲ್ಕು. ಊರು ಹೆದ್ದಾರಿ ಮೇಲಿನ ತುರೋರಿ, ಗಂಡ ಗುರುಲಿಂಗಪ್ಪನವರಿಗೆ ಅಲ್ಲಿಯೇ ಪಂಕ್ಚರಿನ ಅಂಗಡಿ. ಮೊದಲು ಮದುವೆ ಮನೆಗಳಲ್ಲಿ ಅಡುಗೆಗೆ ಹೋಗುತ್ತಿದ್ದರು. ಮಾಕಣಿಯ ಕೆರೆ ತಳ ಕಂಡ ವರ್ಷ ಊರಿಗೆ ಟ್ಯಾಂಕರ್ ಬರತೊಡಗಿದಾಗ, ಪೈಪಿನ ಬಾಯಿಯ ಹತ್ತಿರ ನಿಂತು ಹಂಚುವ ಕೆಲಸ ಇವರ ಪಾಲಿಗೆ ಬಂತು. ಯಾಕೆ ಇವರೇ ಎಂದರೆ, ಊರಲ್ಲಿ ಎಲ್ಲರೊಂದಿಗೂ ಸರಿಸಮವಾಗಿ ಜಗಳವಾಡುವವರು ಇವರೊಬ್ಬರೇ ಅಂತೆ. ಉಮರಗಾದ ವಿಶ್ವನಾಥಪ್ಪ ಕಾಳಿನ ವ್ಯಾಪಾರ ಸೊರಗಿದ ಮೇಲೆ ಒಂದು ಬಸ್ಸು ಹಿಡಿದು ವಾರಾಂತ್ಯದ 'ಸಮುದ್ರ ದರ್ಶನ' ಶುರುಮಾಡಿದವರು. ಟ್ಯಾಂಕರಿನ ಹತ್ತಿರ ಇವರ ಬಾಯಿ ಕೇಳಿ ಬಸ್ಸಿಗೆ ಕರೆದುಕೊಂಡರು.

ಇದು ಹದಿನೇಳನೆಯ ಸಲ. ಪ್ರತಿ ಸಲವೂ ಪೂಜೆಗೂ ಕುಡಿಯುವುದಕ್ಕೂ ಸೇರಿ ನೂರು ಲೀಟರಿನ ಡ್ರಮ್ಮು, ಎರಡು ಬೆಳಗು, ಮೂರು ಅಡುಗೆ, ಮುನ್ನೂರು ರೊಟ್ಟಿ. ರೊಟ್ಟಿ ಮನೆಯಲ್ಲೇ ಬಡಿದು, ಒಣಗಿಸಿ, ಗಂಟು ಕಟ್ಟಿ ತರುತ್ತಾರೆ. ಬಸ್ಸು ಹೊರಟ ಕೂಡಲೇ ನಿಯಮ ಸಾರುತ್ತಾರೆ: ಯಾರೂ ಒಂದು ಹನಿ ಚೆಲ್ಲಕೂಡದು, ತಂಬಿಗೆಯಲ್ಲಿ ಮುಟ್ಟದೆ ಉಳಿದ ನೀರು ವಾಪಸು ಡ್ರಮ್ಮಿಗೆ. ಅವರ ಸೀಮೆಯ ಮನೆಮನೆಯಲ್ಲೂ ಈಗ ಅದೇ ಪದ್ಧತಿ. ಎರಡು ದಿನವೂ ಬೈಸಿಕೊಳ್ಳುವವರು ಇವರೇ. ಜಿಪುಣಿ ಎಂದು ಮುಖಕ್ಕೇ ಹೇಳುತ್ತಾರೆ, ಬೆನ್ನ ಹಿಂದೆ ಹೇಳುವುದನ್ನು ಇಲ್ಲಿ ಬರೆಯುವಂತಿಲ್ಲ.

ಪಾಳಬಂದರ ಹಿಂದೊಮ್ಮೆ ಹಡಗು ಕಟ್ಟುತ್ತಿದ್ದ ಊರು. ಹಳೆಯ ಸುಂಕದ ಕಟ್ಟೆಯಲ್ಲಿ ಈಗ ಹಡಗುಗಳ ಮ್ಯೂಸಿಯಂ ಇದೆ. ಹದಿನಾರು ಸಲ ಬಂದರೂ ಶೇವಂತಾಬಾಯಿ ಅದರ ಹೊಸ್ತಿಲು ತುಳಿದಿಲ್ಲ. ಅದು ತೆರೆಯುವುದು ಹತ್ತಕ್ಕೆ, ಆಗ ಇವರು ಒಲೆಯ ಮುಂದೆ. ಮುಚ್ಚುವುದು ಒಂದಕ್ಕೆ, ಆಗ ಇವರು ಬಡಿಸುತ್ತಿರುತ್ತಾರೆ. ಅವರಿಗೆ ಅಲ್ಲಿ ನೋಡಬೇಕಾದದ್ದು ಒಂದೇ.

"ಇಷ್ಟು ಉಪ್ಪುನೀರಿನ ಮ್ಯಾಲ ತಿಂಗಳಗಟ್ಲೆ ಹೋಗ್ತಿದ್ರಲ್ರೀ, ಕುಡ್ಯಾಕ ಏನ್ ಮಾಡ್ತಿದ್ರು? ಬಂದ ಮಂದಿನ್ನ ಕೇಳ್ತೀನಿ. ಹಳೇ ಹಗ್ಗ ಅದ, ಹಳೇ ತೋಪ ಅದ ಅಂತಾರ. ನೀರಿಂದು ಯಾರೂ ನೋಡಿಲ್ಲ. ರೊಕ್ಕ ಕೊಟ್ಟು ಹೋಗಿ ಏನ್ ನೋಡ್ತಾರೋ."

ಈ ಸಲ ಅವರು ವಿಶ್ವನಾಥಪ್ಪನವರಿಂದ ಮಾತು ತೆಗೆದುಕೊಂಡೇ ಬಸ್ಸು ಹತ್ತಿದ್ದಾರೆ. ಭಾನುವಾರ ಬೇಗ ಅಡುಗೆ ಮುಗಿಸಿ, ಹತ್ತಕ್ಕೆ ಎಲ್ಲರಿಗಿಂತ ಮೊದಲು ಒಳಗೆ. ಇದು ಈ ವರ್ಷದ ಕೊನೆಯ ಬಸ್ಸು. ಮಳೆಗಾಲದಲ್ಲಿ ಘಾಟು ಇಳಿಯುವುದಿಲ್ಲ, ಮುಂದಿನ ವರ್ಷ ಬಸ್ಸು ಇರುತ್ತದೋ ಇಲ್ಲವೋ ವಿಶ್ವನಾಥಪ್ಪನವರಿಗೇ ಗೊತ್ತಿಲ್ಲ.

ಭಾನುವಾರ ಬೆಳಿಗ್ಗೆ ಮೊದಲ ಗಿಲಾಸು ಎಂದಿನಂತೆ ಹಿರಿಯರಾದ ರಾಚಯ್ಯ ಸ್ವಾಮಿಗಳಿಗೆ. ಅವರು ಮಂತ್ರ ಹೇಳಿ, ಲಿಂಗಕ್ಕೆ ಎರೆದು, ಅಂಗೈಯ ತೀರ್ಥವನ್ನು ಬಾಯಿಗೆ ಹಾಕಿದವರು ಮುಖ ಕಿವುಚಿ ಎದ್ದೇಬಿಡುತ್ತಾರೆ. ತೀರ್ಥ ಉಪ್ಪಾಗಿದೆ. ಶೇವಂತಾಬಾಯಿ ಡ್ರಮ್ಮಿಗೆ ಬೆರಳದ್ದಿ ನಾಲಿಗೆಗೆ ಹಚ್ಚಿ ನೋಡುತ್ತಾರೆ. ಉಳಿದಿದ್ದ ಇಪ್ಪತ್ತು ಲೀಟರೂ ಉಪ್ಪು.

ವಿಚಾರಣೆ ನಡೆದರೆ ಬೇಲಿಯೇ ಎದ್ದು ಹೊಲ ಮೇಯ್ದಿದೆ. ಶನಿವಾರ ಸಂಜೆ ರಂಭಾಬಾಯಿ ಮೊಣಕಾಲಿಗೆ ಒಳ್ಳೆಯದೆಂದು ಎರಡು ಲೀಟರಿನ ಸ್ಟೀಲ್ ಕ್ಯಾನಿನಲ್ಲಿ ಸಮುದ್ರದ ನೀರು ತುಂಬಿ ತಂದು ಪಡಸಾಲೆಯಲ್ಲಿ ಇಟ್ಟಿದ್ದಾರೆ. ಊಟ ಮುಗಿಯುವಾಗ ಕರೆಂಟು ಹೋಗಿದೆ. ಶೇವಂತಾಬಾಯಿ ಎಂದಿನಂತೆ ತಂಬಿಗೆ, ಕ್ಯಾನು ಕೈಗೆ ಸಿಕ್ಕಿದ್ದನ್ನೆಲ್ಲ ತಡವಿ ತಡವಿ ಡ್ರಮ್ಮಿಗೆ ಬಗ್ಗಿಸಿದ್ದಾರೆ. ತನ್ನ ಕ್ಯಾನು ಮುಟ್ಟಿದ್ದೇಕೆ ಎಂದು ರಂಭಾಬಾಯಿ ಕೂಗಾಡುತ್ತಾರೆ. ಶೇವಂತಾಬಾಯಿ ಖಾಲಿ ಕ್ಯಾನನ್ನು ತಂದು ಅವರ ಮುಂದೆ ಇಡುತ್ತಾರೆ. ಇಷ್ಟೇ ಹೇಳುತ್ತಾರೆ: "ಚೆಲ್ಲಾಕ ಕೈ ಬರಲಿಲ್ಲ ವೈನಿ."

ಪಾಪಿ ಸಮುದ್ರ ಹೊಕ್ಕರೂ ಮೊಣಕಾಲುದ್ದ ನೀರು ಎನ್ನುತ್ತಾರೆ, ಇಲ್ಲಿ ಅಷ್ಟೂ ಇಲ್ಲ. ಮೇ ತಿಂಗಳಿಗೆ ಧರ್ಮಶಾಲೆಯ ಬೋರಿನ ನೀರು ಸವಳು. ವಿಶ್ವನಾಥಪ್ಪ ಅಂಗಡಿಯಿಂದ ಬಾಟಲಿ ನೀರು ತರುವೆನೆಂದರೆ ಸ್ವಾಮಿಗಳು ಬೇಡವೆನ್ನುತ್ತಾರೆ, ಅದನ್ನು ಯಾರು ಯಾವಾಗ ತುಂಬಿದರೋ ಎಂದು. ಮೂರು ದಿನದ ಡ್ರಮ್ಮಿನ ನೀರು ನಡೆಯುತ್ತದೆ, ಬಾಟಲಿಯದು ನಡೆಯುವುದಿಲ್ಲ. ನಲವತ್ಮೂರು ಮಂದಿ ಹಸಿದು ಕೂತಿದ್ದಾರೆ, ನನಗೂ ಚಹಾ ಇಲ್ಲ. ಈ ನ್ಯಾಯ ಯಾರಲ್ಲಿ ಕೇಳುವುದು?

ಸಿಹಿನೀರಿನ ಬಾವಿ ಊರಲ್ಲಿ ಒಂದೇ, ಅದು ಮ್ಯೂಸಿಯಮ್ಮಿನ ಹಿತ್ತಲಲ್ಲಿದೆ ಎಂದು ಧರ್ಮಶಾಲೆಯವರು ಹೇಳುತ್ತಾರೆ. ಶೇವಂತಾಬಾಯಿ ಎರಡು ಕ್ಯಾನು ಎತ್ತಿಕೊಂಡು ನಡೆದೇಬಿಡುತ್ತಾರೆ. ಹಿಂದೆ ನಾನು. ಗಂಟೆ ಎಂಟು. ಹತ್ತರ ಮುಂಚೆ ಬಾಗಿಲು ತೆರೆಯುವುದಿಲ್ಲ ಎಂದು ಕಾವಲುಗಾರ ಮರಾಠಿಯಲ್ಲಿ ಹೇಳುತ್ತಾನೆ. ನಲವತ್ಮೂರು ಲಿಂಗಗಳು ನೀರಿಲ್ಲದೆ ಕೂತಿವೆ, ಶಾಪ ತಟ್ಟುವುದು ಬೀಗದ ಕೈ ಇಟ್ಟುಕೊಂಡವನಿಗೆ ಎಂದು ಇವರೂ ಮರಾಠಿಯಲ್ಲೇ ಹೇಳುತ್ತಾರೆ. ಹಿತ್ತಲ ಗೇಟು ತುಕ್ಕು ಹಿಡಿದು ಕೂತಿದೆ, ಬಾವಿಗೆ ಹೋಗಲು ಒಳಗಿನಿಂದಲೇ ದಾರಿ. ಅವನು ಗೊಣಗುತ್ತ ಬಾಗಿಲು ತೆಗೆಯುತ್ತಾನೆ.

ಹಾಗೆ, ಖಾಲಿ ಕ್ಯಾನುಗಳೊಂದಿಗೆ, ಟಿಕೆಟ್ಟಿಲ್ಲದೆ ಶೇವಂತಾಬಾಯಿ ಮ್ಯೂಸಿಯಂ ಹೊಕ್ಕರು. ತೋಪು, ಹಗ್ಗ, ಲಂಗರುಗಳನ್ನು ತಿರುಗಿಯೂ ನೋಡುವುದಿಲ್ಲ. ಹಿತ್ತಲ ಬಾಗಿಲ ಹತ್ತಿರ ಎದೆಮಟ್ಟದ ಒಂದು ಮರದ ಪೀಪಾಯಿ, ಅದರ ಮೇಲೆ ಸರಪಳಿಯಲ್ಲಿ ಕಟ್ಟಿದ ತಗಡಿನ ಲೋಟ. ಅಲ್ಲಿ ಕಾಲು ನಿಲ್ಲುತ್ತದೆ. ನಾಲ್ಕನೆಯ ಇಯತ್ತೆಯವರೆಗೆ ಶಾಲೆಯಲ್ಲಿ ಕಲಿತ ಮರಾಠಿಯಲ್ಲಿ ಫಲಕವನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಾರೆ: ಹಡಗಿನ ಸಿಹಿನೀರಿನ ಪೀಪಾಯಿ, ಈ ಬಾವಿಯಲ್ಲೇ ತುಂಬುತ್ತಿದ್ದರು, ಆಳಿಗೆ ದಿನಕ್ಕೆ ಇಷ್ಟೇ ಲೋಟ. ಸೊಂಟದಿಂದ ತಮ್ಮ ಗಿಲಾಸು ತೆಗೆದು ಆ ಲೋಟದ ಪಕ್ಕ ಹಿಡಿಯುತ್ತಾರೆ. ಒಂದು ಬೆರಳಿನ ಫರಕು, ದೊಡ್ಡದು ಇವರದೇ. ನಂತರ ಫಲಕವನ್ನು ಮತ್ತೊಮ್ಮೆ ಮೇಲಿನಿಂದ ಕೆಳಗೆ ಓದಿ, ನೀರು ಅಳೆಯುತ್ತಿದ್ದವನ ಹೆಸರೇನು ಎಂದು ಕಾವಲುಗಾರನನ್ನು ಕೇಳುತ್ತಾರೆ. ಅವನಿಗೆ ಗೊತ್ತಿಲ್ಲ. ಇಪ್ಪತ್ತು ವರ್ಷದಲ್ಲಿ ಯಾರೂ ಕೇಳಿಲ್ಲವಂತೆ.

ಬಾವಿಯಿಂದ ಕೈಯಾರೆ ಸೇದಿದ ನೀರು ಸ್ವಾಮಿಗಳಿಗೆ ಒಪ್ಪಿಗೆಯಾಯಿತು. ಪೂಜೆ ಮುಗಿದದ್ದು ಒಂಬತ್ತೂವರೆಗೆ, ಅಡುಗೆಗೆ ಕೂತದ್ದು ಹತ್ತಕ್ಕೆ. ಉಳಿದವರು ಟಿಕೆಟ್ಟು ತೆಗೆದು ಮ್ಯೂಸಿಯಮ್ಮಿಗೆ ಹೋಗಿ ಬಂದರು. ಏನು ನೋಡಿದಿರಿ ಎಂದು ಈ ಸಲ ಶೇವಂತಾಬಾಯಿ ಯಾರನ್ನೂ ಕೇಳಲಿಲ್ಲ. ರಂಭಾಬಾಯಿ ಮಾತ್ರ ಊಟದ ಸಾಲಿನಲ್ಲಿ ತಾವೇ ಹತ್ತಿರ ಬಂದು, ಲೋಟ ನೋಡಿದೆ, ನಿನ್ನದೇ ವಾಸಿ ಎಂದು ಹೇಳಿ ಹೋದರು.

ಸೋಮವಾರ ನಸುಕಿನಲ್ಲಿ ಬಸ್ಸು ತುರೋರಿಯಲ್ಲಿ ನಿಲ್ಲುತ್ತದೆ. ಖಾಲಿ ಡ್ರಮ್ಮು ಉರುಳಿಸಿಕೊಂಡು ಇಳಿಯುವ ಅವರನ್ನು ನಾನು ಎಲ್ಲ ಲೇಖನಗಳಲ್ಲೂ ಕೇಳುವ ಪ್ರಶ್ನೆಯನ್ನೇ ಕೇಳುತ್ತೇನೆ, ನಿಮ್ಮ ಆಸೆ ಏನು ಎಂದು. ಇಷ್ಟು ಬೆಳಿಗ್ಗೆ ಇದೆಂಥ ಪ್ರಶ್ನೆ ಎನ್ನುವಂತೆ ನೋಡುತ್ತಾರೆ.

"ಆ ಬೋರ್ಡಿನ್ಯಾಗ ಹಡಗಿನ ಹೆಸರ ಅದ, ಕಪ್ತಾನನ ಹೆಸರ ಅದ, ಕಟಗಿ ಯಾ ಗಿಡದ್ದು ಅನ್ನೋದೂ ಅದ. ನೀರು ಅಳದಾಂವನ ಹೆಸರ ಇಲ್ಲ. ಎಲ್ಲಾರ ಕಡಿಂದ ಬೈಸ್ಕೊಂಡಾಂವ ಅಂವನ ಅಲ್ಲೇನ್ರೀ? ನೀವು ಬರದ್ರ ನನ್ನ ಹೆಸರು ಪೂರಾ ಬರೀರಿ. ಶೇವಂತಾಬಾಯಿ ಗುರುಲಿಂಗಪ್ಪ, ಮುಕ್ಕಾಂ ತುರೋರಿ. ಹೋಗೂಮುಂದ ನಲವತ್ಮೂರು ಮಂದಿ, ಬರೂಮುಂದೂ ನಲವತ್ಮೂರು. ಅದನ್ನೂ ಬರೀರಿ."